ಎಡಗೈಯ ಊಟ

ಬಸವನಗುಡಿ
೧೬ ಜನವರಿ ೧೯೯೮

ಪ್ರಿಯ ರಾಮಾನುಜ,

"ಎಡಗೈಲಿ ಉಣ್ಣೋನು ನನ್ನ ಮಗ ಅಲ್ಲ ಕಣೋ" ಅಂದಳೋ, "ನನ್ನ ಹೊಟ್ಟೇಲಿ ಹುಟ್ಟಿದವನಲ್ಲ" ಅಂದಳೋ, ಅಮ್ಮನ ಮಾತು ನನಗೆ ಸರಿಯಾಗಿ ನೆನಪಿಲ್ಲ. ಅಷ್ಟು ಹೇಳಿ ಫಿಲ್ಮಿನ ಮುಂದಿನಿಂದ ಎದ್ದು ಹೋದಳು. ನೀನು ಕಳಿಸಿದ ಮೂರನೆಯ ರೀಲಿನ ಕೆಲಸ ಅಲ್ಲಿಗೇ ನಿಂತಿತು. ಈ ಕಾಗದ ತಡವಾದದ್ದೂ ಅದರಿಂದಲೇ, ಕ್ಷಮಿಸು. ನೀನೂ ಆಂಡಾಳೂ ಪುಣೆಯ ಚಳಿಯಲ್ಲಿ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಎಪ್ಪತ್ತೊಂದರ ಯುದ್ಧದಲ್ಲಿ ನೀನು ಕೈಕ್ಯಾಮೆರಾದಲ್ಲಿ ತೆಗೆದ ಚಿತ್ರಗಳೆಲ್ಲ ಉಳಿಯುತ್ತವೆ. ಡಬ್ಬಿ ತೆರೆದಾಗ ಬಂದ ಹುಳಿವಾಸನೆಗೆ ಮಧುರಾ ಮೊದಲು ಮನೆಯ ಮೊಸರನ್ನು ಶಂಕಿಸಿದಳು. ಕೊಳೆಯತೊಡಗಿದ ಫಿಲ್ಮು ಹಾಗೇ ನಾರುತ್ತದೆ. ಬೂಷ್ಟನ್ನು ಹತ್ತಿಯಲ್ಲಿ ಒರೆಸಿ, ಕಂಡ ಮುಖಗಳಿಗೆ ಹೆಸರು ಹುಡುಕುತ್ತಿದ್ದೇನೆ. ನಿನ್ನ ಚೀಟಿಯಲ್ಲಿ ಮೂರನೆಯ ರೀಲಿಗೆ "ಎಲ್ಲೋ, ಯಾರೋ" ಎಂದಷ್ಟೇ ಇತ್ತು. ಆದರೆ ಅದರಲ್ಲಿ ತಟ್ಟೆ ಹಿಡಿದು ಎಡಗೈಯಲ್ಲಿ ಉಣ್ಣುತ್ತ ಕೂತವನು ನಮ್ಮಣ್ಣ ವಂಶಿಯೇ ಎಂದು ನನಗನ್ನಿಸಿತ್ತು. ಆ ಯುದ್ಧದಿಂದ ಅವನು ಬರಲಿಲ್ಲ, ಅವನ ದೇಹವೂ ಬರಲಿಲ್ಲ. ಅಮ್ಮ ಒಪ್ಪದೆ ಹೆಸರು ಬರೆಯುವುದು ಹೇಗೆ?

ಕಳೆದ ಭಾನುವಾರ ಅದನ್ನು ಮತ್ತೆ ಓಡಿಸಿದೆ. ಮಧುರಾ ಸೆರಗಿಗೆ ಕೈಯೊರೆಸುತ್ತ ಬಾಗಿಲಲ್ಲಿ ನಿಂತಳು.

"ಏನ್ರೀ, ನಿಮ್ಮ ಮಿಲಿಟರೀಲಿ ಎಲ್ಲರೂ ಎಡಗೈಲೇ ಸೆಲ್ಯೂಟ್ ಹೊಡೀತಾರಾ?"

ಬೂಷ್ಟು ಹೋಗಿದ್ದ ಮೂಲೆಯಲ್ಲಿ ಇಬ್ಬರು ಜವಾನರು ಎಡಗೈಯನ್ನು ಹಣೆಗೆ ಹಿಡಿದು ನಿಂತಿದ್ದರು. ಎರಡೂ ಅಂಚಿಗೆ ತೂತಿರುವ ಫಿಲ್ಮು ಹೇಗೆ ಹಾಕಿದರೂ ಓಡುತ್ತದೆ. ನಾನು ಅದನ್ನು ಮೊದಲಿಂದಲೂ ಮಗುಚಿ ಹಾಕಿದ್ದೆ, ಎಡಬಲ ಅದಲುಬದಲಾಗಿತ್ತು.

ಸರಿಮಾಡಿ ಅಮ್ಮನನ್ನು ಕರೆದೆ. ಗೋಡೆಗೆ ಕಟ್ಟಿದ ಪಂಚೆಯ ಮೇಲೆ ಅವನು ಈಗ ಬಲಗೈಯಲ್ಲಿ ಉಂಡ.

"ಕಿರುಬೆರಳು ನೋಡೋ, ಎತ್ಕೊಂಡೇ ಉಣ್ತಾನೆ. ಬೈದೂ ಬೈದೂ ಸಾಕಾಗಿತ್ತು ನಂಗೆ."

"ಹಾಗಾದ್ರೆ ಅವನೇನಾಮ್ಮ?"

"ಮತ್ಯಾರೋ? ಅಯ್ಯೋ, ಹಸಿ ಈರುಳ್ಳಿ ಕಡೀತಾನಲ್ಲೋ, ಕುಲಗೆಟ್ಟವನು!"

ಬೈಯುತ್ತಲೇ ಇನ್ನೊಮ್ಮೆ ಹಾಕಿಸಿದಳು, ಮತ್ತೊಮ್ಮೆ ಹಾಕಿಸಿದಳು. ಇಷ್ಟು ವರ್ಷ ವಂಶಿ ನಮ್ಮ ಮನೆಯಲ್ಲಿ ಒಂದು ಟೆಲಿಗ್ರಾಮಿನಷ್ಟೇ ಇದ್ದ. ಈಗ ಹಸಿವಾದ ಮನುಷ್ಯನಾಗಿದ್ದಾನೆ. ಡಬ್ಬಿಯ ಮೇಲೆ ಅವನ ಪೂರ್ತಿ ಹೆಸರು ಬರೆದೆ. ನನ್ನ ಕೆಲಸದ ಮೇಲೆ ನನಗೆ ಇಷ್ಟು ವಿಶ್ವಾಸ ಹಿಂದೆಂದೂ ಇರಲಿಲ್ಲ.

ಚಾಮರಾಜಪೇಟೆಯಲ್ಲಿ ವಿಡಿಯೊ ಕ್ಯಾಸೆಟ್ಟಿಗೆ ಪ್ರತಿ ಮಾಡಿಸಿ ನಿನಗೂ ಒಂದು ಕಳಿಸುತ್ತಿದ್ದೇನೆ. ಗಂಡಹೆಂಡಿರಿಬ್ಬರೂ ನೂರು ಕಾಲ ಚೆನ್ನಾಗಿರಿ ಎಂದು ಅಮ್ಮ ಹರಸಿದ್ದಾಳೆ.

ನಿನ್ನ
ಸಂಕರ್ಷಣ

ಇನ್ನೊಂದು ಮಾತು: ಯುದ್ಧ ಮುಗಿದು ಮನೆಗೆ ಬಂದಾಗ ನೀನು, ವಂಶಿಯನ್ನು ಕೊನೆಗೆ ಕಂಡದ್ದು ಬೆಂಗಳೂರಿನ ರೈಲ್ವೆ ಸ್ಟೇಷನ್ನಿನಲ್ಲಿ, ಗಡಿಯಲ್ಲಿ ಒಮ್ಮೆಯೂ ಸಿಗಲಿಲ್ಲ ಎಂದಿದ್ದೆ. ಉಂಡು ಮುಗಿಸಿದ ಅವನು ನಿನ್ನ ಕ್ಯಾಮೆರಾದತ್ತ ನಕ್ಕು, ಗೆಳೆಯನನ್ನು ರೇಗಿಸುವವನ ಹಾಗೆ ಏನೋ ಅನ್ನುತ್ತಾನೆ. ಫಿಲ್ಮಿಗೆ ದನಿಯಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ನೀನು ಅಂಚೆಗೆ ಹಾಕಿದೆ ಎಂದುಕೊಂಡಿದ್ದೇನೆ, ಕೋಪವಿಲ್ಲ. ಅಮ್ಮ ನನ್ನನ್ನು ದಿನವೂ ಕೇಳುವುದನ್ನೇ ನಿನ್ನನ್ನು ಕೇಳುತ್ತಿದ್ದೇನೆ: ಕೈ ತೊಳೆದುಕೊಂಡು ಅವನು ಎಲ್ಲಿಗೆ ಹೋದ?