ಫ್ರೇಮಿನಂಗಡಿಯ ಮಗು

ಮಂಗಳವಾರ, ಮಧ್ಯಾಹ್ನ

ಮಗುವಿನ ಅಪ್ಪನಿಗೆ,

ಅಕ್ಕನ ಮನೆಯಲ್ಲಿ ಆರಾಮಾಗಿದ್ದೇನೆ ಎಂದು ಬರೆದರೆ ನೀವು ನಂಬುವುದಿಲ್ಲ, ಆದ್ದರಿಂದ ಆ ಸಾಲು ಬಿಟ್ಟಿದ್ದೇನೆ. ನಿಮ್ಮ ಕೆಮ್ಮು ಹೇಗಿದೆ? ತಗಡು ಅದ್ದುವ ಆಸಿಡ್ಡಿನ ಹೊಗೆಯಲ್ಲಿ ಕೂತಾಗ ಕಿಟಕಿ ತೆರೆಯಿರಿ ಎಂದು ಗೊಣಗಲು ಈಗ ಯಾರೂ ಇಲ್ಲವಲ್ಲ.

ನಿನ್ನೆ ಅಕ್ಕನ ಮದುವೆ ಫೋಟೋಗೆ ಹೊಸ ಫ್ರೇಮ್ ಹಾಕಿಸಲು ಪೇಟೆಗೆ ಹೋಗಿದ್ದೆವು. ಅಂಗಡಿಯ ಗೋಡೆ ತುಂಬ ನಮ್ಮ ಮಗಳು. ಚಿನ್ನದ ಬಣ್ಣದ ಫ್ರೇಮಿನಲ್ಲಿ, ಕರಿ ಫ್ರೇಮಿನಲ್ಲಿ, ಅಗ್ಗದ ಪ್ಲಾಸ್ಟಿಕ್ಕಿನಲ್ಲೂ ಅವಳೇ. ಇದು ಯಾರ ಚಿತ್ರ ಎಂದು ಕೇಳಿದೆ. ಅಂಗಡಿಯವನು, “ಯಾರೋ ಏನೋ ಅಮ್ಮಾ, ಖಾಲಿ ಕಾಣ್ಬಾರ್ದು ಅಂತ ಹಾಕಿರ್ತಾರೆ. ತೆಗೆದು ಬಿಸಾಕಿ ನಿಮ್ದು ಹಾಕ್ಕೊಳ್ಳಿ” ಎಂದ. ಹೇಳುತ್ತಲೇ ಅವಳನ್ನು ಎಳೆದು ಕಸದ ಬುಟ್ಟಿಗೆ ಎಸೆದು ಅಕ್ಕ-ಭಾವನನ್ನು ಕೂರಿಸಿದ. ಬುಟ್ಟಿಯ ತುಂಬ ಅವಳೇ ಇದ್ದಳು.

ಅವಳು ತೀರಿಹೋದ ಮೇಲೆ ನೀವು ಊಟ ನಿದ್ದೆ ಬಿಟ್ಟು ಆ ಮುಖವನ್ನು ತಾಮ್ರದ ತಗಡಿನಲ್ಲಿ ಕೊರೆದಾಗ ಪಕ್ಕದಲ್ಲೇ ಕೂತಿದ್ದೆ. ಪ್ರದರ್ಶನದಲ್ಲಿ ಗುರುತಿಲ್ಲದ ಹೆಂಗಸರು ಅದರ ಮುಂದೆ ನಿಂತು ಕಣ್ಣೊರೆಸಿಕೊಂಡಾಗ ನನಗೂ ಸಮಾಧಾನವಾಗಿತ್ತು. ಪ್ರತಿಗಳು ಸಾಕು ಎಂದಮೇಲೆ ತಗಡಿಗೆ ಅಡ್ಡಗೀರು ಎಳೆದು ಮತ್ತೆ ಅಚ್ಚು ಬರದಂತೆ ಕೆಡಿಸುವುದು ನಿಮ್ಮ ಕಸುಬಿನ ಕ್ರಮ. ಮಗಳ ಮುಖದ ಮೇಲೆ ಸೂಜಿ ಎಳೆಯಲು ಕೈ ಬರುವುದಿಲ್ಲ ಎಂದಿರಿ. ಒಪ್ಪಿದೆ. ಆಮೇಲೆ ಫ್ರೇಮ್ ಕಂಪನಿಯವನು ಬಂದ, ನೀವು ಅಚ್ಚು ತೆಗೆದು ಕೊಡುತ್ತಲೇ ಹೋದಿರಿ. ಅದಕ್ಕೆ ಮಾತ್ರ ಕೈ ಚೆನ್ನಾಗಿಯೇ ಬಂತು. ನಾನು ಮನೆ ಬಿಟ್ಟು ಬಂದೆ.

ಇನ್ನೊಂದು ವಿಷಯ ನಿನ್ನೆಯವರೆಗೆ ನನಗೂ ಹೊಳೆದಿರಲಿಲ್ಲ. ಅವಳ ಮಚ್ಚೆ ಇದ್ದದ್ದು ಬಲಗೆನ್ನೆಯಲ್ಲಿ, ಅಚ್ಚಿನಲ್ಲಿ ಎಡಗೆನ್ನೆಯಲ್ಲಿದೆ. ತಗಡಿನಲ್ಲಿ ಬಲಕ್ಕೆ ಕೊರೆದದ್ದು ಕಾಗದದಲ್ಲಿ ಎಡಕ್ಕೆ ಬೀಳುತ್ತದೆ ಎಂದು ನನಗೆ ಹೇಳಿಕೊಟ್ಟವರೇ ನೀವು. ಕಂಡವರ ಮುಖವನ್ನೆಲ್ಲ ಕನ್ನಡಿಯಲ್ಲಿ ನೋಡಿಕೊಂಡು ತಿರುಗಿಸಿ ಕೊರೆದಿರಿ, ಸ್ವಂತ ಮಗಳನ್ನು ಮಾತ್ರ ನೇರವಾಗಿ ಕೊರೆದುಬಿಟ್ಟಿರಿ. ಫೋಟೋ ತೆಗೆಸೋಣ ಎಂದಾಗಲೆಲ್ಲ, ಮನೆಯಲ್ಲೇ ಚಿತ್ರಗಾರ ಇರುವಾಗ ಅದ್ಯಾಕೆ ಎಂದು ನಗುತ್ತಿದ್ದಿರಿ. ಈಗ ಹೋಲಿಸಿ ನೋಡೋಣವೆಂದರೆ ಒಂದೂ ಇಲ್ಲ.

ಆ ತಗಡನ್ನು ಗೀರಿಬಿಡಿ. ಹಣೆಯಿಂದ ಗದ್ದದವರೆಗೆ, ಆಳವಾಗಿ. ಒಂದು ಸಲ ಸತ್ತದ್ದು ಅವಳಿಗೆ ಸಾಲದೇ? ನೀವು ಗೀರಿದ ದಿನ ನಾನು ಮನೆಗೆ ಬರುತ್ತೇನೆ.

ಇಂತಿ,
ಅವಳ ಅಮ್ಮ

ಮತ್ತೆ: ಲಕೋಟೆ ಅಂಟಿಸುವ ಮೊದಲು ಅಕ್ಕನಿಗೆ ಓದಿ ಹೇಳಿದೆ. “ಎಡಗೆನ್ನೆ ಅಲ್ವೇನೇ?” ಎಂದಳು. ಅವಳ ಮೇಲೆ ರೇಗಾಡಿದೆ. ಆಮೇಲೆ ಒಬ್ಬಳೇ ಕೂತು, ಕಣ್ಣು ಮುಚ್ಚಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಖ ಒರೆಸುತ್ತಿದ್ದುದನ್ನು ನೆನೆಸಿಕೊಂಡೆ. ಅಂಗಡಿಯಲ್ಲಿ ಕಂಡ ಆ ಮುಖವೇ ಕಣ್ಣಿಗೆ ಬರುತ್ತಿದೆ. ರೀ, ಸದ್ಯಕ್ಕೆ ಗೀರಬೇಡಿ. ಯಾವ ಕೆನ್ನೆ ಎಂದು ನಿಮಗಾದರೂ ನೆನಪಿದೆಯೇ?