ನೆಲಕ್ಕೆ ಕಿವಿಗೊಟ್ಟು

ಅಭ್ಯಾಸದ ಕೋಣೆ,
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಕ್ಕಾ,

ಮಂಡಿ ಹೇಗಿದೆ? ಊತ ಇಳಿಯಿತೇ? ವ್ಯಾಯಾಮ ಮಾಡಿಸಲು ಬರುವವರ ಮೇಲೆ ನೀನು ರೇಗಾಡುತ್ತೀಯೆಂದು ಚಿಕ್ಕಮ್ಮ ಹೇಳಿದರು. ಕೇಳಿ ಸಮಾಧಾನವಾಯಿತು, ರೇಗುವಷ್ಟು ಶಕ್ತಿ ಬಂದಿದೆಯಲ್ಲ. ಚಿಕ್ಕಮ್ಮನ ಮನೆಗೆ ಹೋದಾಗಿನಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ನನ್ನ ಕಾಗೆಕಾಲು ಗುಬ್ಬಿಕಾಲಿನ ಅಕ್ಷರ ಸಹಿಸಿಕೋ.

ಇಲ್ಲಿ ಊಟ, ನಿದ್ದೆ ಹೇಗೋ ನಡೆಯುತ್ತಿದೆ. ಆದರೆ ಕೋಣೆ ಬಿಕೋ ಎನ್ನುತ್ತಿದೆ. ನಿನ್ನ ಗೆಜ್ಜೆ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ಯಾರು ಬಾಗಿಲು ತೆಗೆದರೂ ಘಲ್ ಎನ್ನುತ್ತದೆ, ನಾನು ಪ್ರತಿಸಲವೂ ತಿರುಗಿ ನೋಡಿ ಪೆಚ್ಚಾಗುತ್ತೇನೆ.

ನಮ್ಮ ‘ಮರುಹುಟ್ಟು’ ನೃತ್ಯ ನಿಂತಿಲ್ಲ. ಮೊದಲರ್ಧ ನಿನ್ನ ಭರತನಾಟ್ಯ, ಉಳಿದದ್ದು ನನ್ನ ಬೀದಿ ಕುಣಿತ. ನೀನು ಸಾಯಬೇಕು, ನಾನು ನೀನಾಗಿ ಹುಟ್ಟಬೇಕು. ಅಲ್ಲಿಯವರೆಗೆ ನಾನು ಕಪ್ಪು ಬಟ್ಟೆಯೊಳಗೆ ಬೋರಲು ಬಿದ್ದು, ಕಿವಿಯನ್ನು ವೇದಿಕೆಯ ಹಲಗೆಗೆ ಒತ್ತಿಕೊಂಡು ಕಾಯುತ್ತಿದ್ದೆನಲ್ಲ? ನೀನು ಬೀಳುವ ಮುಂಚೆ ಕೊನೆಯ ಸಲ ಕಾಲು ತಟ್ಟಿದರೆ ಅದು ಹಲಗೆಯೊಳಗಿಂದ ಬಂದು ನನ್ನ ದವಡೆಗೆ ತಾಕುತ್ತಿತ್ತು. ಅದೇ ನನಗೆ ಎದ್ದೇಳುವ ಕರೆ. ನೀನು ತಾಳ ಹಾಕಿ ಎಣಿಸುವವಳು, ನಾನು ಡ್ರಮ್ಮಿನ ಬೆನ್ನು ಹತ್ತುವವನು. ಲೆಕ್ಕದಲ್ಲಿ ನಾವು ಒಂದು ದಿನವೂ ಕೂಡಿದವರಲ್ಲ. ಆ ಒಂದು ತಟ್ಟಿನಲ್ಲಿ ಮಾತ್ರ ಕೂಡುತ್ತಿದ್ದೆವು.

ಈಗ ನಿನ್ನ ಜಾಗಕ್ಕೆ ನಮ್ಮ ತಂಡದ ಮೇಡಂ ಒಬ್ಬ ಹುಡುಗಿಯನ್ನು ಕರೆತಂದಿದ್ದಾರೆ. ಒಳ್ಳೆಯವಳು, ಕುಣಿತವೂ ಅಚ್ಚುಕಟ್ಟು. ಆದರೆ ನೆಲಕ್ಕೆ ನೋವಾಗುತ್ತದೇನೋ ಎಂಬಂತೆ ಕಾಲಿಡುತ್ತಾಳೆ, ನನಗೆ ಏನೂ ತಾಕುವುದಿಲ್ಲ. ಅಂದಾಜಿನ ಮೇಲೆ ಎದ್ದುಬಿಡುತ್ತೇನೆ, ನೋಡಿದರೆ ಅವಳಿನ್ನೂ ಬದುಕಿರುತ್ತಾಳೆ. ನಿನ್ನೆ ಡ್ರಮ್ ಬಾರಿಸುವವನು, “ಅವಳನ್ನ ನೆಮ್ಮದಿಯಾಗಿ ಸಾಯೋಕಾದ್ರೂ ಬಿಡಪ್ಪ” ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮತ್ತೆ ಬಟ್ಟೆಯೊಳಗೆ ಹೋಗಿ ಮಲಗಿದಾಗ ಅಳು ಒತ್ತರಿಸಿಕೊಂಡು ಬಂತು. ಅಲ್ಲಿ ಅತ್ತರೆ ಯಾರಿಗೂ ಕಾಣುವುದಿಲ್ಲ, ಅದೊಂದು ಅನುಕೂಲ.

ಆಸ್ಪತ್ರೆಯಲ್ಲಿ ನೀನು, “ನಂದು ಮುಗೀತು ಕಣೋ, ನೀನು ಮುಂದೆ ಹೋಗು” ಅಂದೆ. ಎಲ್ಲಿಗೆ ಹೋಗಲಿ, ಅಕ್ಕಾ? ಯಾವಾಗ ಏಳಬೇಕೆಂಬುದೇ ನನಗೆ ತಿಳಿಯುತ್ತಿಲ್ಲ.

ಮಾತ್ರೆ ತಪ್ಪಿಸಬೇಡ. ಚಿಕ್ಕಮ್ಮನಿಗೆ ನಮಸ್ಕಾರ ಹೇಳು, ನಿನ್ನ ರೇಗಾಟ ತಡೆದುಕೊಳ್ಳುವುದಕ್ಕೆ ಇನ್ನೊಂದು ನಮಸ್ಕಾರ.

ತಲೆಯ ಮೇಲೆ ಗಿರಗಿರನೆ ತಿರುಗುತ್ತೇನೆಂದು ನೀನೇ ಹೆಸರಿಟ್ಟ,
ನಿನ್ನ ತಮ್ಮ ಬುಗುರಿ

ತಾ.ಕ.: ಅಂಚೆ ಹೋಗುವ ಹೊತ್ತಾಯಿತು, ಹೇಳಬೇಕಾದದ್ದೇ ಉಳಿಯಿತು. ಪೆಟ್ಟಾಗಿರುವುದು ನಿನ್ನ ಬಲ ಮಂಡಿಗೆ. ಆ ಕೊನೆಯ ತಟ್ಟು ನೀನು ತಟ್ಟುತ್ತಿದ್ದುದು ಎಡಗಾಲಿನಲ್ಲಿ. ಹುಡುಗಿ ಕುಣಿಯಲಿ, ಸಾಯಲಿ. ನನ್ನ ತಲೆಯ ಹತ್ತಿರ ಹಲಗೆಯ ಮೇಲೆ ಒಂದು ಕುರ್ಚಿ ಹಾಕಿಸಿದ್ದೇನೆ, ಮೇಡಂ ಒಪ್ಪಿದ್ದಾರೆ. ಪರದೆಯ ಮರೆಯಲ್ಲೋ, ಬೆಳಕಿನಲ್ಲೋ, ನಿನ್ನಿಷ್ಟ. ಪ್ರದರ್ಶನ ಈ ಶನಿವಾರವಲ್ಲ, ಅದರಾಚೆಯ ಶನಿವಾರ. ಬಂದು ಕೂತು ಒಂದೇ ಒಂದು ಸಲ ತಟ್ಟು. ನೀನು ತಟ್ಟುವವರೆಗೂ ನಾನು ಏಳುವುದಿಲ್ಲ.