ಮೋಡೆಮ್ ಎತ್ತಿದ ಫೋನು

12 ಜನವರಿ 1999, ಮಂಗಳವಾರ
ಇವತ್ತೂ ಅದೇ ಹಾಡು. ಕಂಪ್ಯೂಟರ್ ಆನ್, ಮೋಡೆಮ್ ಆನ್, ಕಾಯುವುದು. ಗುಲ್ಬರ್ಗಾ ಬ್ರಾಂಚಿನ ಕಂಪ್ಯೂಟರ್ ಸಂಜೆ ಇಲ್ಲಿಗೆ, ನಾಂಪಲ್ಲಿಯ ಆಫೀಸಿಗೆ, ಫೋನ್ ಮಾಡಬೇಕು. ನನ್ನ ಮೋಡೆಮ್ ತಾನೇ ಎತ್ತಬೇಕು. ತೊಗರಿಬೇಳೆಯ ಸ್ಟಾಕಿನ ಲೆಕ್ಕ ಬರಬೇಕು. ಬರುತ್ತಿಲ್ಲ. ಅಲ್ಲಿನ ಕಲ್ಲೇಶ ಕೇಬಲ್ ಹಾಕಿದ್ದಾನಂತೆ. ಯಾವ ತೂತಿಗೋ ದೇವರೇ ಬಲ್ಲ.

ಸೂರ್ಯಕಾಂತ ಸಾಹುಕಾರರು ಹಿಂದೆ ಬಂದು ನಿಂತರು. "ಲಿಂಗಣ್ಣ, ಈ ಮೋಡೆಮ್ ಅಂದ್ರ ಏನಪಾ?"

"ಹೇಳಿದ್ರ ನಿಮಗ ತಿಳಿಯಂಗಿಲ್ರಿ."

ಬೇಳೆ ಮಾರುವವರಿಗೆ ಬೇಳೆ ಸಾಕು.

15 ಜನವರಿ
ಸುವರ್ಣಾ ಭಾಲ್ಕಿಯಲ್ಲಿ, ತವರಲ್ಲಿ. ದಿನ ತುಂಬಿದೆ. ನಮ್ಮ ಮನೆಯಲ್ಲಿ ಫೋನಿಲ್ಲ. ಹೆರಿಗೆ ಸುದ್ದಿ ಬರುವುದೂ ಆಫೀಸಿನ ಈ ಒಂದೇ ಫೋನಿಗೆ. ಮಾವನವರ ಫೋನು ಅಂದರೆ... ಎಸ್‌ಟಿಡಿ ಬೂತಿನಲ್ಲಿ ನಿಂತು, ಈ ಕಡೆ ಎತ್ತಿದ ಕೂಡಲೇ, ಹಲೋ ಕೂಡ ಅನ್ನದೆ ಸುದ್ದಿ ಕೂಗಿಬಿಡುವುದು. ಮೀಟರ್ ಓಡುತ್ತದಂತೆ! ಹೋದ ತಿಂಗಳು "ಎಮ್ಮಿ ಕರ ಹಾಕ್ಯಾದ" ಅಂತ ಕೂಗಿ ಇಟ್ಟರು. ಇಂಥ ಮನೆಯ ಅಳಿಯ ನಾನು.

ಹೆಣ್ಣಾಗಲಿ ಅಂತ ಆಸೆ. ಯಾರಿಗೂ ಹೇಳಿಲ್ಲ. ಯಾರು ಅರ್ಥ ಮಾಡಿಕೊಂಡಾರು.

18 ಸೋಮವಾರ, ಸಂಜೆ
ಗೆದ್ದೆ! ಒಂದೇ ರಿಂಗಿಗೆ ಎತ್ತುವಂತೆ ಸೆಟ್ ಮಾಡಿದೆ. ಮೊದಲ ಕಾಲ್ — ಮೋಡೆಮ್ ಎತ್ತಿತು, ಕಿರ್ರೋ ಅಂತ ಚೀರಿತು. ಆದರೆ ಆ ಕಡೆ ಕಂಪ್ಯೂಟರ್ ಅಲ್ಲ, ಯಾರೋ ಮನುಷ್ಯ. ಸ್ಪೀಕರಿನಲ್ಲಿ ಅವನ ಕೂಗು. ಆ ಗದ್ದಲದಲ್ಲಿ ಮಾತು ತಿಳಿಯಲಿಲ್ಲ. ಮಿಷಿನ್ನಿಗೆ ಸುದ್ದಿ ಹೇಳುತ್ತಿದ್ದಾನೆ ಗಮಾರ! ಹೊಟ್ಟೆ ಹಿಡಿದು ನಕ್ಕೆ. ರಿಸೀವರ್ ಎತ್ತಲಿಲ್ಲ. ಅವನ ಜೊತೆ ಹರಟುತ್ತ ಕೂತರೆ ಕಲ್ಲೇಶನಿಗೆ ಲೈನ್ ಹೇಗೆ ಸಿಕ್ಕೀತು? ಕಟ್ ಆಯಿತು.

ಸ್ವಲ್ಪ ಹೊತ್ತಿಗೆ ಗುಲ್ಬರ್ಗಾ ಬಂತು. ಸ್ಟಾಕ್ ಪೂರ್ತಿ. ಸಾಹುಕಾರರು ಪೇಡೆ ತರಿಸಿದರು. ನಾಲ್ಕು ತಿಂದೆ.

29 ಶುಕ್ರವಾರ
ಭಾಲ್ಕಿಯಿಂದ ಇನ್ನೂ ಸುದ್ದಿಯಿಲ್ಲ. ಒಂದು ಫೋನಿಗೂ ಜಿಪುಣತನವೇ? ನಾನೇ ಅವರ ಪಕ್ಕದ ಕಿರಾಣಿ ಅಂಗಡಿಗೆ ಮಾಡಬಹುದು. ಏಕೆ ಮಾಡಲಿ? ಹೆಣ್ಣು ಕೊಟ್ಟವರು ಅವರು. ಹೊರಗೆ ಎಕ್ಸಿಬಿಷನ್ನಿನ ಜನಜಾತ್ರೆ, ಮನೆಗೆ ಹೋಗಲು ಬಸ್ಸು ಸಿಗಲಿಲ್ಲ.

1 ಫೆಬ್ರವರಿ
ಮಾವ ಬಂಡೆಪ್ಪನವರು ಆಫೀಸಿಗೇ ಬಂದರು. ಕೂರಲಿಲ್ಲ.

"ಹೆಣ್ಣು ಹುಟ್ಯಾದ ಅಂದ ಕೂಡ್ಲೆ ಹಂಗ ಚೀರಿ ಫೋನ್ ಇಡೋದೇನ್ರಿ ಅಳಿಯಂದ್ರ? ಸುವರ್ಣಾ ಅವತ್ತಿಂದ ಸರಿ ಉಂಡಿಲ್ಲ. ಕೂಸಿಗಿ ಹೆಸರೂ ಇಟ್ಟಿಲ್ಲ. ನೀವು ಬರ್ತೀರೋ ಇಲ್ಲೋ, ಅದಷ್ಟ ಕೇಳಾಕ ಬಂದೀನಿ."

"ಅದು ನಾ ಅಲ್ರೀ ಮಾಮಾ! ಮೋಡೆಮ್... ಮಿಷಿನ್ ಅದು!"

"ಮಿಷಿನ್ ಹಂಗ ಚೀರ್ತದೇನ್ರಿ? ಸುವರ್ಣಾನ ಅಂದ್ಳು, ಸಿಟ್ಟಿಗಿ ಬಂದ್ರ ಅವ್ರು ಹಂಗೇ ಚೀರ್ತಾರ ಅಂತ."

ಸಾಹುಕಾರರು ತಲೆ ತಗ್ಗಿಸಿ ಬೇಳೆ ನೋಡುತ್ತಿದ್ದರು. ನನ್ನ ಪರವಾಗಿ ಒಂದು ಮಾತಾಡಲಿಲ್ಲ. ಏನಂತ ಆಡಿಯಾರು?

2 ಫೆಬ್ರವರಿ, ಬಸ್ಸಿನಲ್ಲಿ
ಜಹೀರಾಬಾದ್ ದಾಟಿತು. ಮಾವನವರು ಪಕ್ಕದಲ್ಲಿ ತೂಕಡಿಸುತ್ತಿದ್ದಾರೆ. ಸುವರ್ಣಾ, ಮೋಡೆಮ್ ಅಂದರೆ ಫೋನ್ ಎತ್ತುವ ಡಬ್ಬಿ... ಬೇಡ. ಡಬ್ಬಿಯ ಪಕ್ಕ ಕೂತು ನಕ್ಕವನು ನಾನು. ಭಯವಾಗುತ್ತಿದೆ. ವಿವರಿಸಲು ಹೋದರೆ ಮತ್ತೆ ದನಿ ಏರುತ್ತದೆ, ನನಗೇ ಗೊತ್ತು. ಮಾವನವರ ಹಾಗೆ ಮಾಡುವುದೇ ಸರಿ. ಬಾಗಿಲು ತೆರೆದ ಕೂಡಲೇ, ಬೇರೇನೂ ಅನ್ನದೆ, ಕೂಗಿಬಿಡಬೇಕು — ಸುವರ್ಣಾ, ನನಗೆ ಹೆಣ್ಣೇ ಬೇಕಾಗಿತ್ತು!